ಅಣ್ಣನ ಕೋಣೆಯಲ್ಲಿ ಹುಟ್ಟಿದ ಹಾಡು

ಹೊಸ ಆಲ್ಬಂ ಹಾಕಿದರೆ ಮೊದಲು ಕಿವಿಗೆ ಬೀಳಬೇಕಾದದ್ದು ಗಿಟಾರಿನ ತಂತಿಯೋ ಪಿಯಾನೋದ ಮಣೆಯೋ, ಅಲ್ವಾ? ಅಮೆರಿಕದ ಹಾಡುಗಾರ್ತಿ ಬಿಲಿ ಐಲಿಷ್‌ಳ ಮೊದಲ ಆಲ್ಬಂ ಹಾಕಿ ನೋಡಿ. ಮೊದಲು ಕೇಳುವುದು ಬಾಯಿಂದ ಹಲ್ಲಿನ ಅಚ್ಚು ಕಳಚುವಾಗ ಜೊಲ್ಲು ಎಳೆದುಕೊಂಡ ‘ಸೊರ್’ ಸದ್ದು! ಹಲ್ಲು ಸಾಲಾಗಿ ನಿಲ್ಲಲಿ ಅಂತ ಈಗಿನ ಮಕ್ಕಳು ಹಾಕಿಕೊಳ್ಳುತ್ತಾರಲ್ಲ, ಹೊರಗೆ ಕಾಣದ ಪಾರದರ್ಶಕ ಪ್ಲಾಸ್ಟಿಕ್ಕು, ಇನ್ವಿಸಲೈನ್ ಅನ್ನುತ್ತಾರೆ, ಅದು. ಅದನ್ನು ತೆಗೆದು, ತೆಗೆದಾಯಿತು ಅಂತ ಹೇಳಿ, ಇದೇ ಆಲ್ಬಂ ಅಂತ ಸಾರಿ, ಅಣ್ಣನ ಜೊತೆ ಬಿದ್ದು ಬಿದ್ದು ನಗುತ್ತಾಳೆ. ಎಲ್ಲ ಸೇರಿ ಹದಿನೈದು ಸೆಕೆಂಡೂ ಇಲ್ಲ. ಆ ತುಣುಕಿಗೆ ಹೆಸರೂ ಇಲ್ಲ, ಆಶ್ಚರ್ಯಸೂಚಕ ಚಿಹ್ನೆಗಳದ್ದೇ ಒಂದು ಸಾಲು. ಆಮೇಲೆ ಧಡ್ ಧಡ್ ಅಂತ ‘ಬ್ಯಾಡ್ ಗಯ್’ ಶುರು.

ಯಾವ ಕಂಪನಿಯವರು ಇದನ್ನು ಇಟ್ಟುಕೊಳ್ಳಲು ಒಪ್ಪುತ್ತಾರೆ ಹೇಳಿ? ದೊಡ್ಡ ಸ್ಟುಡಿಯೋದಲ್ಲಿ ಧ್ವನಿ ಎಂಜಿನಿಯರ್ ಗಾಜಿನ ಆಚೆಯಿಂದ ಕೈ ಸನ್ನೆ ಮಾಡಿ, ಮೊದಲು ಬಾಯಿ ತೊಳೆದುಕೊಂಡು ಬಾಮ್ಮ ಅಂದಿರುತ್ತಿದ್ದ. ಇಲ್ಲಿ ಗಾಜೂ ಇಲ್ಲ, ಎಂಜಿನಿಯರೂ ಇಲ್ಲ. ಅಣ್ಣ ಫಿನಿಯಸ್‌ನ ಮಲಗುವ ಕೋಣೆ, ಅವನ ಮಂಚ, ಮಂಚದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ ತಂಗಿ. ಆ ಜೊಲ್ಲಿನ ಸದ್ದು ಕೇಳಿದ ಕೂಡಲೇ ನನಗಂತೂ ಈ ಆಲ್ಬಂ ಮೇಲೆ ನಂಬಿಕೆ ಹುಟ್ಟಿತು. ಇದು ಮನೆಯಲ್ಲಿ ಆದದ್ದು, ಆದ ಹಾಗೇ ಇಟ್ಟದ್ದು ಅಂತ.

ಆಲ್ಬಂನ ಹೆಸರು ಗೊತ್ತಲ್ಲ, ‘ವೆನ್ ವಿ ಆಲ್ ಫಾಲ್ ಅಸ್ಲೀಪ್, ವೇರ್ ಡು ವಿ ಗೋ?’ ಅಂತ ಉದ್ದಕ್ಕೆ ಇದೆ. 2019ರ ಮಾರ್ಚ್ 29ಕ್ಕೆ ಬಂತು. ಅವಳಿಗಾಗ ಹದಿನೇಳು, ಅಣ್ಣನಿಗೆ ಇಪ್ಪತ್ತೊಂದು. ಮರುವರ್ಷ ಜನವರಿಯಲ್ಲಿ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭದಲ್ಲಿ ಏನಾಯಿತು ಅನ್ನುವುದನ್ನು ನಾನು ಹೇಳಬೇಕಾಗಿಲ್ಲ. ನೀವು ಕೇಳಿರುತ್ತೀರಿ, ಇಲ್ಲವಾದರೆ ನಿಮ್ಮ ಮನೆಯ ಕಾಲೇಜು ಹುಡುಗಿ ಹೇಳಿರುತ್ತಾಳೆ. ನನಗೆ ಹೇಳಬೇಕು ಅನ್ನಿಸುವುದು ಆ ಮನೆಯ ಸಂಗತಿ.

ಲಾಸ್ ಏಂಜಲೀಸ್ ಅಂದ ಕೂಡಲೇ ನಮಗೆ ಕಣ್ಣ ಮುಂದೆ ಬರುವುದು ಈಜುಕೊಳ ಇರುವ ಬಂಗಲೆ. ಇವರದ್ದು ಹೈಲ್ಯಾಂಡ್ ಪಾರ್ಕ್ ಅನ್ನುವ ಬಡಾವಣೆಯ ಸಣ್ಣ ಮನೆ, ಎರಡೇ ಮಲಗುವ ಕೋಣೆ. ಅಪ್ಪ ಪ್ಯಾಟ್ರಿಕ್ ಒ’ಕಾನೆಲ್, ಅಮ್ಮ ಮ್ಯಾಗಿ ಬೇರ್ಡ್, ಇಬ್ಬರೂ ನಟರು. ಹಾಲಿವುಡ್ ನಟರು ಅಂದರೆ ಎಲ್ಲರೂ ಬ್ರಾಡ್ ಪಿಟ್ ಅಲ್ಲವಲ್ಲ. ಸಣ್ಣಪುಟ್ಟ ಪಾತ್ರ ಸಿಕ್ಕಾಗ ಮಾಡಿ, ಸಿಗದಾಗ ಬೇರೆ ಕೆಲಸ ಮಾಡಿ ಸಂಸಾರ ತೂಗಿಸಿದವರು. ಮಕ್ಕಳು ಚಿಕ್ಕವರಿದ್ದಾಗ ನಾಲ್ಕೂ ಜನ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರಂತೆ. ದೊಡ್ಡವರಾದ ಮೇಲೆ ಮಗನಿಗೊಂದು ಕೋಣೆ, ಮಗಳಿಗೊಂದು ಕೋಣೆ ಬಿಟ್ಟುಕೊಟ್ಟು ಅಪ್ಪ ಅಮ್ಮ ಹಾಲಿನಲ್ಲಿ, ಪಿಯಾನೋದ ಪಕ್ಕ ಮಂಚ ಹಾಕಿಕೊಂಡರು.

ನನಗೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸುತ್ತದೆ. ನಮ್ಮ ಕಡೆ ಹಾಲಿನಲ್ಲಿ ಸಾಲಾಗಿ ಚಾಪೆ ಹಾಸಿ ಮಲಗಿದವರೇ ನಾವೆಲ್ಲ. ಅಜ್ಜಿ ಒಂದು ತುದಿಗೆ, ಹಸುಗೂಸಿನ ತಾಯಿ ಗೋಡೆ ಪಕ್ಕ, ಮಧ್ಯೆ ಎಷ್ಟು ತಲೆಗಳೋ. ಬೇಸಿಗೆ ರಜೆಯಲ್ಲಿ ಅತ್ತೆಯ ಮಕ್ಕಳೂ ಬಂದುಬಿಟ್ಟರೆ ಹೊದಿಕೆಗೆ ಜಗಳ, ಕಿಟಕಿ ಪಕ್ಕದ ಜಾಗಕ್ಕೆ ಜಗಳ. ಹಾಗೆ ಮಲಗುವುದರಲ್ಲಿ ನಮಗೆ ವಿಶೇಷ ಏನೂ ಇರಲಿಲ್ಲ, ಮನೆ ಇದ್ದದ್ದೇ ಅಷ್ಟು. ಆದರೆ ಇರುವ ಎರಡು ಕೋಣೆಯನ್ನೂ ಮಕ್ಕಳಿಗೆ ಬಿಟ್ಟು ದೊಡ್ಡವರು ಹೊರಗೆ ಮಲಗಿದ್ದನ್ನು ನಾನು ನಮ್ಮ ಕಡೆ ಕಂಡಿಲ್ಲ. ನೀವು ಕಂಡಿದ್ದೀರಾ? ಮದುವೆಯಾಗಿ ಬಂದ ಹೊಸ ಸೊಸೆಗೆ ಬಿಟ್ಟದ್ದುಂಟು. ಪರೀಕ್ಷೆಗೆ ಓದುವ ಮಗನಿಗೆ ನಾಲ್ಕು ತಿಂಗಳು ಬಿಟ್ಟದ್ದುಂಟು. ಹಾಡು ಕಟ್ಟುವುದಕ್ಕೆ ಅಂತ, ವರ್ಷಗಟ್ಟಲೆ?

ಅವರ ಮನೆಯಲ್ಲಿ ಇನ್ನೊಂದು ನಿಯಮವಿತ್ತಂತೆ. ಮಕ್ಕಳು ಹಾಡುತ್ತಲೋ ಬಾರಿಸುತ್ತಲೋ ಇದ್ದರೆ, ಎಷ್ಟೇ ಹೊತ್ತಾಗಿರಲಿ, ‘ಏಳಿ, ಮಲಗಿ’ ಅನ್ನುವ ಹಾಗಿಲ್ಲ. ಮಲಗುವ ಹೊತ್ತಾಯಿತು ಅಂದ ಕೂಡಲೇ ಯಾವ ಮಗುವಿಗೂ ಪಿಯಾನೋ ನೆನಪಾಗುತ್ತದೆ ಬಿಡಿ. ಆದರೂ ನಿಯಮ ನಿಯಮವೇ. ಆ ಹುಡುಗಿ ಆರು ವರ್ಷಕ್ಕೆ ಯುಕುಲೆಲೆ ಹಿಡಿದಳು. ನಾಲ್ಕೇ ತಂತಿಯ ಪುಟ್ಟ ವಾದ್ಯ, ಮಕ್ಕಳ ತೋಳಿಗೆ ಸರಿಯಾಗಿ ಸಿಗುತ್ತದೆ. ಈ ಆಲ್ಬಂನ ‘8’ ಅನ್ನುವ ಹಾಡಿನಲ್ಲಿ ಆ ವಾದ್ಯ ಕೇಳುತ್ತದೆ, ಮೇಲೆ ಅವಳ ದನಿಯನ್ನು ಎಳೆಮಗುವಿನ ದನಿಯಷ್ಟು ಸಣ್ಣಗೆ ಮಾಡಿದ್ದಾರೆ. ಲಾಸ್ ಏಂಜಲೀಸ್ ಮಕ್ಕಳ ಗಾಯನ ವೃಂದದಲ್ಲಿ ಸೇರಿ ಹಾಡಿದ್ದಾಳೆ, ಗಂಟಲನ್ನು ಹೇಗೆ ಕಾಪಾಡಿಕೊಳ್ಳಬೇಕು ಅನ್ನುವುದನ್ನು ಅಲ್ಲೇ ಕಲಿತದ್ದು. ಅಣ್ಣ ತಂಗಿ ಇಬ್ಬರೂ ಶಾಲೆಗೆ ಹೋದವರಲ್ಲ, ಮನೆಯಲ್ಲೇ ಪಾಠ. ಹಾಡು ಬರೆಯುವುದನ್ನು ಹೇಳಿಕೊಟ್ಟವಳು ಅಮ್ಮ. ಒಂದು ಸಿನಿಮಾನೋ ಧಾರಾವಾಹಿನೋ ನೋಡಿ, ಕಿವಿಗೆ ತಾಗಿದ ಮಾತನ್ನೆಲ್ಲ ಗುರುತು ಹಾಕಿಕೊಂಡು ಅದರಿಂದ ಹಾಡು ಕಟ್ಟಿ ಅಂತ ಅಭ್ಯಾಸ ಕೊಟ್ಟಳು. ಮಗಳು ಆರಿಸಿಕೊಂಡದ್ದು ಯಾವುದನ್ನು ಗೊತ್ತೇ? ಸತ್ತವರು ಎದ್ದು ಓಡಾಡುವ ‘ದ ವಾಕಿಂಗ್ ಡೆಡ್’ ಧಾರಾವಾಹಿಯನ್ನು! ಹೂವು ಹಕ್ಕಿ ಮೋಡ ಬಿಟ್ಟು ಹೆಣ ಹಿಡಿದಳಲ್ಲ ಈ ಮಗು ಅಂತ ಬೇರೆ ತಾಯಿಯಾದರೆ ದೃಷ್ಟಿ ತೆಗೆಯುತ್ತಿದ್ದಳು.

ಹೆಸರಿನ ಕತೆಯಂತೂ ಕೇಳಲೇಬೇಕು. ಅವಳ ಪೂರ್ತಿ ಹೆಸರು ಬಿಲಿ ಐಲಿಷ್ ಪೈರೇಟ್ ಬೇರ್ಡ್ ಒ’ಕಾನೆಲ್. ನಡುವಿನ ಪೈರೇಟ್ ನೋಡಿದಿರಾ? ಹಡಗು ಕೊಳ್ಳೆ ಹೊಡೆಯುವವನೇ. 2001ರ ಡಿಸೆಂಬರಿನಲ್ಲಿ ಅವಳು ಹುಟ್ಟಿದಾಗ ಫಿನಿಯಸ್‌ಗೆ ನಾಲ್ಕು ವರ್ಷ, ತಂಗಿಗೆ ಅದೇ ಹೆಸರಿಡಬೇಕು ಅಂತ ಹಟ ಹಿಡಿದನಂತೆ. ನಮ್ಮಲ್ಲಿ ಹೆಸರಿಡುವ ಹಕ್ಕು ಸೋದರತ್ತೆಯದ್ದು. ತೊಟ್ಟಿಲ ಹತ್ತಿರ ಅವಳು ಬಗ್ಗಿ ಕಿವಿಯಲ್ಲಿ ಹೇಳಿದ ಮೇಲೇ ಉಳಿದವರ ಬಾಯಿಗೆ ಆ ಹೆಸರು. ನಾಲ್ಕು ವರ್ಷದ ಅಣ್ಣನ ಮಾತಿಗೆ ಹೆಸರಿನಲ್ಲೇ ಜಾಗ ಕೊಟ್ಟ ಆ ಅಪ್ಪ ಅಮ್ಮ ಮುಂದೆ ಮಕ್ಕಳ ಹಾಡಿಗೆ ಕೋಣೆ ಬಿಟ್ಟುಕೊಟ್ಟದ್ದರಲ್ಲಿ ಆಶ್ಚರ್ಯ ಏನಿದೆ?

ಜಗತ್ತಿಗೆ ಅವಳ ದನಿ ಮೊದಲು ಕೇಳಿದ್ದು ಆಲ್ಬಂಗಿಂತ ಮುಂಚೆಯೇ, ‘ಓಷನ್ ಐಸ್’ ಹಾಡಿನಿಂದ. ಅದೂ ಮನೆಯ ಕೋಣೆಯಲ್ಲೇ ಆದದ್ದು. ಫಿನಿಯಸ್ ಬರೆದದ್ದು ತನ್ನ ಬ್ಯಾಂಡಿಗೆ. ತಂಗಿ ಹಾಡಿದರೆ ಚೆನ್ನ ಅನ್ನಿಸಿತು, ಹಾಡಿಸಿದ. ಅವಳಿಗಾಗ ಹುಚ್ಚು ಇದ್ದದ್ದು ಕುಣಿತದ್ದು. ಡ್ಯಾನ್ಸ್ ಮಾಸ್ತರು ಹೆಜ್ಜೆ ಹಾಕಿಸಲು ಒಂದು ಹಾಡು ಕೇಳಿದ್ದರು, ಅವರಿಗೆ ತಲುಪಲಿ ಅಂತ 2015ರ ನವೆಂಬರಿನಲ್ಲಿ ಹಾಡು ಹಂಚಿಕೊಳ್ಳುವ ಜಾಲತಾಣ ಸೌಂಡ್‌ಕ್ಲೌಡ್‌ಗೆ ಏರಿಸಿದರು. ಮಾಸ್ತರಿಗೆ ಅಂತ ಇಟ್ಟ ಹಾಡನ್ನು ಊರಿಗೆ ಊರೇ ಕೇಳಿತು. ಅದೇ ಹೊತ್ತಿಗೆ ಸೊಂಟದ ಹತ್ತಿರ ಪೆಟ್ಟಾಗಿ ಕುಣಿತ ನಿಂತುಹೋಯಿತು. ಹದಿಮೂರು ಹದಿನಾಲ್ಕರ ವಯಸ್ಸು ನೋಡಿ, ಕಾಲು ಕಟ್ಟಿಹಾಕಿದರೆ ಎದೆ ಒಡೆದೇ ಹೋಗುತ್ತದೆ. ಹಾಡು ಆ ಜಾಗಕ್ಕೆ ಬಂದು ಕೂತಿತು.

ಈಗ ಕೋಣೆಗೆ ಬನ್ನಿ. ಒಂದು ಮಂಚ, ಒಂದು ಮೇಜು, ಮೇಜಿನ ಮೇಲೆ ಲಾಜಿಕ್ ಅನ್ನುವ ಸಾಫ್ಟ್‌ವೇರ್ ಇರುವ ಕಂಪ್ಯೂಟರ್, ಎರಡು ಸಣ್ಣ ಸ್ಪೀಕರು, ಒಂದು ಒಳ್ಳೆಯ ಮೈಕು, ಕೀಬೋರ್ಡು. ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿನಲ್ಲಿ ಈಗ ಹೋಂ ಸ್ಟುಡಿಯೋ ಅಂತ ಮಾಡಿಕೊಂಡ ಹುಡುಗರ ಹತ್ತಿರವೂ ಇಷ್ಟು ಸಾಮಾನು ಇರುತ್ತದೆ. ಮೈಕನ್ನು ತುಟಿಯ ಹತ್ತಿರಕ್ಕೇ ತಂದು, ದನಿ ಏರಿಸದೆ, ಗುಟ್ಟು ಹೇಳುವಷ್ಟು ಮೆಲ್ಲಗೆ ಹಾಡುತ್ತಾಳೆ. ಉಸಿರು ಒಳಗೆ ಹೋಗುವುದು, ನಾಲಿಗೆ ಅಂಗುಳಕ್ಕೆ ತಾಗುವುದು ಎಲ್ಲ ಕೇಳುತ್ತದೆ. ಆ ಒಂದು ದನಿಯ ಮೇಲೆ ಅವಳದ್ದೇ ದನಿಯ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಇಡೀ ಗಾಯನ ವೃಂದ ಹಾಡಿದಷ್ಟು ತುಂಬಿಕೊಳ್ಳುತ್ತದೆ, ಹಾಡಿದವಳು ಒಬ್ಬಳೇ.

‘ವೆನ್ ದ ಪಾರ್ಟೀಸ್ ಓವರ್’ ಅನ್ನುವ ಹಾಡಿದೆಯಲ್ಲ, ಅದರ ಮೊದಲ ಪದವನ್ನೇ ಹತ್ತಾರು ಸಲ ಹಾಡಿ ಹಾಡಿ, ಸರಿಹೋದದ್ದನ್ನು ಇಟ್ಟುಕೊಂಡರು. ಉಳಿದ ಹಾಡುಗಳೂ ಅಷ್ಟೇ. ಒಂದು ಸಲದ್ದರಿಂದ ಈ ಸಾಲು, ಇನ್ನೊಂದು ಸಲದ್ದರಿಂದ ಆ ಪದ, ಮತ್ತೊಂದರಿಂದ ಒಂದೇ ಒಂದು ಅಕ್ಷರ ಆರಿಸಿ, ನಮ್ಮ ಅಜ್ಜಿಯಂದಿರು ಹಳೇ ಸೀರೆಯ ತುಂಡು ಸೇರಿಸಿ ಕೌದಿ ಹೊಲಿದ ಹಾಗೆ ಹೊಲಿಗೆ ಕಾಣದಂತೆ ಕೂಡಿಸಿದ್ದಾರೆ. ಎಷ್ಟು ಹೊತ್ತು ಬೇಕು ಇದಕ್ಕೆಲ್ಲ!

ಹೊತ್ತು ಅಂದಾಗ ನಮ್ಮ ಹಳೇ ಸಿನಿಮಾ ಹಾಡುಗಳ ನೆನಪಾಗುತ್ತದೆ. ಆಗೆಲ್ಲ ಕನ್ನಡದ ಹಾಡು ಮುದ್ರಿಸಬೇಕು ಅಂದರೆ ಮದರಾಸಿಗೆ ಹೋಗಬೇಕು. ಸ್ಟುಡಿಯೋ ಬಾಡಿಗೆ ಹೊತ್ತಿನ ಲೆಕ್ಕ. ಪಿಟೀಲಿನವರು, ತಬಲದವರು, ಕೊಳಲಿನವರು ಎಲ್ಲ ಒಟ್ಟಿಗೇ ಕೂತು ನುಡಿಸಬೇಕು, ಹಾಡುವವರು ಅದರ ಜೊತೆಗೇ ಹಾಡಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಆ ಒತ್ತಡದಲ್ಲೇ ಎಂಥೆಂಥ ಹಾಡು ಹುಟ್ಟಿದವು, ಅದು ಆ ಕಲಾವಿದರ ದೊಡ್ಡತನ. ಶಂಕರ್ ನಾಗ್ ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಆ ಓಡಾಟ ತಪ್ಪಲಿ ಅಂತಲೇ ಅಲ್ವಾ? ಆದರೂ ಗಡಿಯಾರ ಗಡಿಯಾರವೇ. ಹದಿನೇಳರ ಹುಡುಗಿ ಒಂದು ಪದ ಸರಿಬರಲಿಲ್ಲ ಅಂತ ದಿನವಿಡೀ ಕೂತರೆ ಯಾವ ಸ್ಟುಡಿಯೋದವರು ಸುಮ್ಮನಿರುತ್ತಾರೆ? ಬೇಸರವಾದರೆ ಎದ್ದುಹೋಗಿ ನಾಯಿ ಆಡಿಸಿ, ಅಡುಗೆಮನೆಯಲ್ಲಿ ಏನಾದರೂ ತಿಂದು, ಅಮ್ಮನ ಹತ್ತಿರ ಜಗಳ ಮಾಡಿ ಮತ್ತೆ ಬಂದು ಹಾಡಲಿಕ್ಕೆ ಮನೆಯೇ ಆಗಬೇಕು. ಕೋಣೆಯ ಬಾಡಿಗೆಯಂತೂ ಹಾಲಿನ ಮಂಚದವರು ಕಟ್ಟಿಬಿಟ್ಟಿದ್ದರಲ್ಲ.

ಇನ್ನು ಸದ್ದುಗಳು. ನನಗೆ ಈ ಆಲ್ಬಂನಲ್ಲಿ ಮುಗಿಯದ ಖುಷಿ ಅದೇ. ‘ಬ್ಯಾಡ್ ಗಯ್’ ಹಾಡಿನ ತಾಳದ ಒಳಗೆ ಟಕಟಕ ಟಕಟಕ ಅಂತ ಒಂದು ಸದ್ದು ಸೇರಿಕೊಂಡಿದೆ. ಅದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರಸ್ತೆ ದಾಟುವ ಕಡೆ ಇರುವ ಸಿಗ್ನಲ್ ಪೆಟ್ಟಿಗೆಯದ್ದು. ಕಣ್ಣು ಕಾಣದವರಿಗೆ ತಿಳಿಯಲಿ ಅಂತ ಆ ಪೆಟ್ಟಿಗೆ, ಕಾಯುವಾಗ ನಿಧಾನ ಟಿಕ್ ಟಿಕ್ ಅನ್ನುತ್ತದೆ, ದಾಟುವ ಹೊತ್ತಿಗೆ ಓಟ ಹಿಡಿಯುತ್ತದೆ. ಕಛೇರಿ ಕೊಡಲು ಹೋದಾಗ ಈ ಹುಡುಗಿ ಫುಟ್‌ಪಾತಿನಲ್ಲಿ ನಿಂತು ಫೋನಿನಲ್ಲಿ ಅದನ್ನು ಹಿಡಿದುಕೊಂಡಳು. ಸಿಡ್ನಿಯ ಜನ ದಿನಾ ಕೇಳುವ ಸದ್ದು, ಇವಳಿಗೆ ತಾಳ ಅನ್ನಿಸಿತು. ಅದೇ ಹಾಡು 2019ರ ಆಗಸ್ಟಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಅಲ್ಲಿ 19 ವಾರದಿಂದ ಕದಲದೆ ಕೂತಿದ್ದ ‘ಓಲ್ಡ್ ಟೌನ್ ರೋಡ್’ ಹಾಡನ್ನು ಎಬ್ಬಿಸಿಯೇ ಬಂತು.

‘ಬರಿ ಎ ಫ್ರೆಂಡ್’ ಹಾಡಿನಲ್ಲಿ ಹಲ್ಲಿನ ಡಾಕ್ಟರ ಡ್ರಿಲ್ ಇದೆ. ಹಲ್ಲಿಗೆ ಅಂಟಿಸಿದ್ದನ್ನು ಡಾಕ್ಟರು ಕೊರೆದು ತೆಗೆಯುವಾಗ ಬಾಯಿ ಬಿಟ್ಟುಕೊಂಡು ಮಲಗಿದವಳು ಕೈಯಲ್ಲಿ ಫೋನ್ ಹಿಡಿದು ಅದನ್ನೂ ಮುದ್ರಿಸಿಕೊಂಡಳು! ಆ ಕುರ್ಚಿಯಲ್ಲಿ ನಮಗೆ ನಿಮಗೆ ಕೈ ಎಲ್ಲಿರುತ್ತದೆ ಹೇಳಿ, ಎರಡೂ ಕೈ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ‘ಯು ಶುಡ್ ಸೀ ಮಿ ಇನ್ ಎ ಕ್ರೌನ್’ ಶುರುವಾಗುವುದು ಚಾಕು ಮಸೆಯುವ ಸದ್ದಿನಿಂದ. ‘ಐ ಲವ್ ಯು’ ಅನ್ನುವ ಮೆತ್ತಗಿನ ಹಾಡಿನ ಹಿಂದೆ ಕಿವಿಗೊಟ್ಟು ಕೇಳಿದರೆ ವಿಮಾನದ ಒಳಗಿನ ಸದ್ದು, ಗಗನಸಖಿಯ ಮಾತು ಇದೆ. ‘ಮೈ ಸ್ಟ್ರೇಂಜ್ ಅಡಿಕ್ಷನ್’ನಲ್ಲಿ ‘ದ ಆಫೀಸ್’ ಅನ್ನುವ ಹಾಸ್ಯ ಧಾರಾವಾಹಿಯ ಸಂಭಾಷಣೆಯೇ ಬಂದುಹೋಗುತ್ತದೆ. ಅವಳು ಅದನ್ನು ಮುಗಿಸಿ ಮತ್ತೆ ಮೊದಲಿನಿಂದ ಹಾಕಿಕೊಂಡು ನೋಡುವವಳು, ಊಟ ಮಾಡುವಾಗ, ಮಲಗುವಾಗ ಎಲ್ಲ. ಬಳಸಿಕೊಳ್ಳಲು ಸ್ಟೀವ್ ಕರೆಲ್ ಮುಂತಾದ ಅದರ ನಟರ ಒಪ್ಪಿಗೆ ಪಡೆಯಬೇಕಾಯಿತು, ಅವರೂ ಕೊಟ್ಟರು.

ನಮ್ಮ ಮನೆಯಲ್ಲಿ ಒಂದು ಕ್ಯಾಸೆಟ್ ಇದೆ. ದೊಡ್ಡಮ್ಮ ಹಾಡಿದ ಸಂಪ್ರದಾಯದ ಹಾಡುಗಳು, ಹಸೆಗೆ ಕರೆಯುವುದು, ಆರತಿ ಹಾಡು, ಬೀಗರನ್ನು ಗೇಲಿ ಮಾಡುವುದು ಎಲ್ಲ. ಚಿಕ್ಕಪ್ಪ ಟೂ-ಇನ್-ವನ್ ತಂದು ನಡುಮನೆಯಲ್ಲಿಟ್ಟು, ಕೆಂಪು ಗುಂಡಿ ಕಪ್ಪು ಗುಂಡಿ ಒಟ್ಟಿಗೇ ಒತ್ತಿ, ಯಾರೂ ಉಸಿರೆತ್ತಬೇಡಿ ಅಂತ ಬೆರಳು ತೋರಿಸಿ ನಿಂತಿದ್ದ. ಮಕ್ಕಳನ್ನು ಹಿತ್ತಲಿಗೆ ಅಟ್ಟಿದ್ದರು. ಆದರೂ ಆರತಿ ಹಾಡಿನ ನಡುವೆ ಕುಕ್ಕರ್ ಕೂಗಿದೆ. ಇನ್ನೊಂದು ಹಾಡಿನಲ್ಲಿ ಬಾವಿಯ ರಾಟೆ ಕಿರುಗುಟ್ಟಿದೆ, ಅಜ್ಜಿ ಒಳಗಿನಿಂದ ‘ಹಾಲು ಉಕ್ಕೀತು ನೋಡ್ರೇ’ ಅಂದಿದ್ದಾಳೆ. ಚಿಕ್ಕಪ್ಪನಿಗೆ ಆಗ ಬಂದ ಸಿಟ್ಟು ಇಷ್ಟಷ್ಟಲ್ಲ. ಈಗ ಆ ಕ್ಯಾಸೆಟ್ ಕೇಳುವಾಗ ದೊಡ್ಡಮ್ಮನ ಹಾಡಿನಷ್ಟೇ ಆಸೆಯಿಂದ ನಾವೆಲ್ಲ ಕಾಯುವುದು ಅಜ್ಜಿಯ ಆ ಒಂದು ಮಾತಿಗೆ. ಆ ಬಾವಿ ಮುಚ್ಚಿಹೋಗಿದೆ, ಅಜ್ಜಿ ಇಲ್ಲ. ಬಿಲಿ ಮತ್ತು ಫಿನಿಯಸ್ ಮಾತ್ರ ಸುತ್ತಲಿನ ಇಂಥ ಸದ್ದನ್ನು ಓಡಿಸಲಿಲ್ಲ, ಕರೆದು ಕೂರಿಸಿದರು. ಕಿವಿ ತೆರೆದಿಟ್ಟುಕೊಂಡು ಬದುಕುವ ಮಕ್ಕಳು ಅವರು, ಅದು ಹೇಳಿಕೊಟ್ಟರೆ ಬರುವುದಲ್ಲ.

ಆಲ್ಬಂನಲ್ಲಿ ನಗು ಮಾತ್ರ ಇದೆ ಅಂದುಕೊಳ್ಳಬೇಡಿ. ಕತ್ತಲೆಯೇ ಹೆಚ್ಚು. ರಾತ್ರಿ ಬೆಚ್ಚಿಬೀಳುವ ಕನಸು, ಎಚ್ಚರವಾದರೂ ಕೈಕಾಲು ಆಡಿಸಲಾಗದ ಆ ಗಳಿಗೆ, ಮಂಚದ ಕೆಳಗೆ ಏನೋ ಇದೆ ಅನ್ನುವ ಹೆದರಿಕೆ, ಇದೆಲ್ಲ ಅವಳು ಸಣ್ಣವಳಿದ್ದಾಗಿನಿಂದ ಅನುಭವಿಸಿದ್ದೇ. ‘ಬರಿ ಎ ಫ್ರೆಂಡ್’ನಲ್ಲಿ ಮಾತಾಡುವುದು ಮಂಚದ ಕೆಳಗಿರುವ ಆ ಭೂತವೇ. ಮುಖಪುಟದ ಚಿತ್ರದಲ್ಲೂ ಕತ್ತಲಲ್ಲಿ ಹಾಸಿಗೆಯ ಅಂಚಿಗೆ ಕೂತಿದ್ದಾಳೆ, ಕಣ್ಣಲ್ಲಿ ಕಪ್ಪು ಗುಡ್ಡೆಯೇ ಇಲ್ಲ. ಬೇಸರ, ಬದುಕೇ ಬೇಡ ಅನ್ನಿಸುವ ಹೊತ್ತು, ಅದೂ ಹಾಡಿನಲ್ಲಿ ಬಂದಿದೆ. ಅವಳ ಮೇಲೆ 2021ರಲ್ಲಿ ಬಂದ ಸಾಕ್ಷ್ಯಚಿತ್ರ ‘ದ ವರ್ಲ್ಡ್ಸ್ ಎ ಲಿಟಲ್ ಬ್ಲರಿ’ ನೋಡಿ. ಮಗಳು ಇಂಥ ಸಾಲು ಬರೆಯುವುದನ್ನು ತಾಯಿ ನೋಡುತ್ತಾಳೆ, ಕಳವಳಪಡುತ್ತಾಳೆ, ಅದರ ಬಗ್ಗೆ ಮನೆಯಲ್ಲಿ ಮಾತು ಆಗುತ್ತದೆ. ಹಾಳೆ ಹರಿದು ಹಾಕುವವರಿಲ್ಲ, ಬಾಯಿ ಮುಚ್ಚಿಸುವವರಿಲ್ಲ. ಇದನ್ನು ನಾನು ತುಂಬ ಯೋಚಿಸಿದ್ದೇನೆ. ಮಗಳು ಒಳಗೆ ಕೂತು ಸಾವಿನ ಹಾಡು ಬರೆಯುತ್ತಿದ್ದರೆ ಯಾವ ತಾಯಿಗೆ ನಿದ್ದೆ ಬಂದೀತು? ಆದರೆ ಹೇಳಿಕೊಳ್ಳಲು ಜಾಗ ಇದೆ, ಪಕ್ಕದಲ್ಲೇ ಅಣ್ಣ ಇದ್ದಾನೆ, ಗೋಡೆಯಾಚೆ ಅಪ್ಪ ಅಮ್ಮ ಇದ್ದಾರೆ ಅನ್ನುವ ಧೈರ್ಯದಲ್ಲೇ ಆ ಹುಡುಗಿ ಅಷ್ಟು ಕತ್ತಲೆಯ ಒಳಗೆ ಹೋಗಿಬಂದದ್ದು ಅಂತ ನನ್ನ ನಂಬಿಕೆ.

ಒಂದು ಮಾತು ಹೇಳಬೇಕು. ಮನೆಯಲ್ಲೇ ಎಲ್ಲ ಮುಗಿಯಿತು ಅಂದರೆ ಸುಳ್ಳಾಗುತ್ತದೆ. ಮುದ್ರಿಸಿದ್ದನ್ನು ಹದವಾಗಿ ಬೆರೆಸಿದವರು ರಾಬ್ ಕಿನೆಲ್ಸ್ಕಿ, ಕೊನೆಯ ಮೆರುಗು ಕೊಟ್ಟವರು ಜಾನ್ ಗ್ರೀನ್‌ಹ್ಯಾಮ್, ಇಬ್ಬರೂ ಕಸುಬಿನಲ್ಲಿ ಪಳಗಿದವರು. ಹಿಂದೆ ಇಂಟರ್‌ಸ್ಕೋಪ್‌ನಂಥ ದೊಡ್ಡ ಕಂಪನಿಯೂ ಇತ್ತು. ಸ್ಟುಡಿಯೋ ಕೊಡಿಸಲು ಅವರಿಗೆ ಕಷ್ಟವಿರಲಿಲ್ಲ. ಆದರೂ ಇವರು ಕೋಣೆ ಬಿಡಲಿಲ್ಲ. ಬಡತನಕ್ಕೆ ಮನೆಯಲ್ಲಿ ಮಾಡಿದ್ದಲ್ಲ ಇದು, ಬೇಕು ಅಂತಲೇ ಮಾಡಿದ್ದು. ಫಿನಿಯಸ್ ಹತ್ತಿರದಲ್ಲೇ ತನ್ನದೊಂದು ಮನೆ ಮಾಡಿಕೊಂಡ ಮೇಲೂ ಹಾಡು ಮುದ್ರಿಸಲು ಅಪ್ಪನ ಮನೆಗೇ ಬರುತ್ತಿದ್ದ.

ಗ್ರ್ಯಾಮಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜನ ಹೆಚ್ಚು ಮಾತಾಡದ ಒಂದು ಬಹುಮಾನ. ವರ್ಷದ ಆಲ್ಬಂ, ವರ್ಷದ ರೆಕಾರ್ಡ್, ವರ್ಷದ ಹಾಡು, ಹೊಸ ಪ್ರತಿಭೆ, ಈ ನಾಲ್ಕೂ ಆ ರಾತ್ರಿ ಅವಳಿಗೇ ಬಂದವು. ಹಾಗೆ ಒಂದೇ ರಾತ್ರಿ ಒಬ್ಬರಿಗೇ ಬಂದದ್ದು ಅದಕ್ಕೂ ಮುಂಚೆ ಒಂದೇ ಸಲ, 1981ರಲ್ಲಿ ಕ್ರಿಸ್ಟೋಫರ್ ಕ್ರಾಸ್‌ಗೆ. ಅದು ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಅದೇ ರಾತ್ರಿ ಧ್ವನಿಮುದ್ರಣದ ಗುಣಮಟ್ಟಕ್ಕೆ ಕೊಡುವ ಬಹುಮಾನವೂ ಈ ಆಲ್ಬಂಗೇ ಬಂತು ಅನ್ನುವುದನ್ನು ಗಮನಿಸಿದಿರಾ? ಗೋಡೆಗೆ ಮೆತ್ತೆ, ನೆಲಕ್ಕೆ ಜಮಖಾನೆ, ಕೋಟಿಗಟ್ಟಲೆಯ ಯಂತ್ರ ಇಟ್ಟುಕೊಂಡವರೆಲ್ಲ ಕೂತು ನೋಡುತ್ತಿರುವಾಗ, ಮಂಚ ಇರುವ ಕೋಣೆಗೆ! ವರ್ಷದ ಆಲ್ಬಂ ಬಹುಮಾನ ಪಡೆದವರಲ್ಲಿ ಆವತ್ತಿಗೆ ಅವಳೇ ಎಲ್ಲರಿಗಿಂತ ಚಿಕ್ಕವಳು, ಹದಿನೆಂಟು ತುಂಬಿ ತಿಂಗಳ ಮೇಲಷ್ಟೇ ಆಗಿತ್ತು. ಫಿನಿಯಸ್ ವೇದಿಕೆಯ ಮೇಲೆ ನಿಂತು, ಇವತ್ತು ತಮ್ಮ ಕೋಣೆಗಳಲ್ಲಿ ಕೂತು ಸಂಗೀತ ಮಾಡುತ್ತಿರುವ ಮಕ್ಕಳನ್ನು ನೆನೆದು, ನಿಮಗೂ ಇದು ಬರುತ್ತದೆ ಅನ್ನುವ ಅರ್ಥದಲ್ಲಿ ಮಾತಾಡಿದ.

ಮನೆಯಲ್ಲಿ ದೊಡ್ಡದು ಹುಟ್ಟುವುದು ನಮಗೂ ಹೊಸದಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 30 ವಾಟಿನ ಯಂತ್ರ ಇಟ್ಟು ರೇಡಿಯೋ ಶುರುಮಾಡಿದವರು. ಸ್ವಂತ ದುಡ್ಡು, ಸ್ವಂತ ಮನೆ. ಮೈಸೂರು ಆಕಾಶವಾಣಿಯ ಬೇರು ಅಲ್ಲಿದೆ. ಮೊದಲು ಮನೆಯವರು ಜಾಗ ಕೊಟ್ಟರು, ಸರ್ಕಾರ ಕಂಪನಿ ಎಲ್ಲ ಆಮೇಲೆ ಬಂದವು.

ಆ ಅಣ್ಣ ತಂಗಿಯ ಆಮೇಲಿನ ಹಾಡುಗಳೂ ಚೆನ್ನಾಗಿವೆ. ಎರಡನೆಯ ಆಲ್ಬಂ ಫಿನಿಯಸ್‌ನ ಸ್ವಂತ ಮನೆಯ ಸ್ಟುಡಿಯೋದಲ್ಲಿ ಆಯಿತು. ದನಿ ಬಲಿತಿದೆ, ಹಾಡುವ ಧೈರ್ಯ ಹೆಚ್ಚಿದೆ. ಜೇಮ್ಸ್ ಬಾಂಡ್ ಸಿನಿಮಾಕ್ಕೆ ಹಾಡಿ ಆಸ್ಕರನ್ನೂ ತಂದರು. ಆದರೂ ನನ್ನ ಕೈ ಹೋಗುವುದು ಮೊದಲನೆಯದಕ್ಕೇ. ಗೋಡೆಯಾಚೆ ಅಪ್ಪ ಅಮ್ಮ ಮಲಗಿದ್ದಾರೆ ಅನ್ನುವ ಎಚ್ಚರ ಆ ಹಾಡುಗಳ ಮೆಲುದನಿಯಲ್ಲಿ ನನಗೆ ಕೇಳಿಸುತ್ತದೆ. ಆ ಹುಡುಗಿಯ ಕೆಲಸದಲ್ಲೆಲ್ಲ ನನಗೆ ಅದೇ ಮೇಲು.

ನಿಮ್ಮ ಮನೆಯಲ್ಲೂ ಈಗ ಮಗಳು ಬಾಗಿಲು ಹಾಕಿಕೊಂಡು ಫೋನಿಗೆ ಏನೋ ಹಾಡುತ್ತಿರುತ್ತಾಳಲ್ಲ, ನಮ್ಮ ಕಾಂಪೌಂಡಿಗೂ ಒಂದೊಂದು ಸಲ ಕೇಳುತ್ತದೆ. ಹಾಡಲಿ ಬಿಡಿ. ಪಿಯುಸಿ ಪರೀಕ್ಷೆಗೆ ಇನ್ನೂ ದಿನ ಇದೆ. ರಾತ್ರಿ ಹನ್ನೊಂದಾದರೆ ಬಾಗಿಲು ಬಡಿಯಬೇಡಿ, ಅವಳು ಒಂದೇ ಸಾಲನ್ನು ಇಪ್ಪತ್ತು ಸಲ ಹಾಡಿದರೂ ಸುಮ್ಮನಿರಿ. ಬಿಡುವಾದಾಗ ಅವಳ ಇಯರ್‌ಫೋನ್ ಇಸಕೊಂಡು ‘ವೆನ್ ದ ಪಾರ್ಟೀಸ್ ಓವರ್’ ಒಂದನ್ನಾದರೂ ಪೂರ್ತಿ ಕೇಳಿ. ಕೇಳುವಾಗ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಯಾವ ಪದ ಎಲ್ಲಿ ಜೋಡಿಸಿದ್ದಾರೆ ಅಂತ ಅವಳೇ ತೋರಿಸಿಕೊಡುತ್ತಾಳೆ.